ನೀರಿಗೆ ಸಾಲು ನಿಂತವರಿಗೆ ಮೊದಲು ಲೆಕ್ಕ ಹೇಳಿ: ಜಾಕ್ಸನ್ ಮೇಯರ್‌ಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಜಾನ್ ಹಾರ್ನ್ ಅವರಿಗೆ,

ನಮಸ್ಕಾರ.

ನಾನು ದಕ್ಷಿಣ ಜಾಕ್ಸನ್‌ನಲ್ಲಿ ಇರುವವಳು. ಹುಟ್ಟೂರು ಧಾರವಾಡ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮಿಸಿಸಿಪಿಯ ಈ ರಾಜಧಾನಿಗೆ ಬಂದು 16 ವರ್ಷ ಆಯ್ತು. ಇಲ್ಲೇ ತೆರಿಗೆ ಕಟ್ಟುತ್ತೇನೆ, ಇಲ್ಲೇ ಓಟು ಹಾಕುತ್ತೇನೆ. ಈ ಪತ್ರವನ್ನು ಇಂಗ್ಲಿಷಿನಲ್ಲೂ ಬರೆದು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಯಾಕೆ ಬರೆದೆ ಅಂದರೆ, ನಮ್ಮವರಿಗೂ ಇದರಲ್ಲಿ ಒಂದು ಮಾತು ಹೇಳುವುದಿದೆ.

ಪಕ್ಕದ ಮ್ಯಾಡಿಸನ್, ರ‍್ಯಾಂಕಿನ್ ಕಡೆ ಮನೆ ಮಾಡಿಕೊಂಡಿರುವ ಭಾರತದವರು ಹಬ್ಬಕ್ಕೆ ಸೇರಿದಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಇನ್ನೂ ಆ ಊರಲ್ಲೇ ಇದ್ದೀರಾ? ಕರಿಯರ ಕೈಗೆ ಊರು ಕೊಟ್ಟರೆ ಹೀಗೇ ಆಗೋದು ಅಲ್ವಾ?" ಕೈಯಲ್ಲಿ ಹೋಳಿಗೆ ತಟ್ಟೆ ಹಿಡಿದುಕೊಂಡೇ ಕೇಳುತ್ತಾರೆ. ನನಗೆ ಆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅವರಿಗೆ ಉತ್ತರ ಹೇಳಿ ಹೇಳಿ ನನಗೆ ಊರಿನ ಇತಿಹಾಸ ಬಾಯಿಪಾಠ ಆಗಿದೆ. ಅದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೂ ಓದುವ ಕನ್ನಡದವರಿಗಾಗಿ ನಾಲ್ಕು ಮಾತು.

1970ರಲ್ಲಿ ಕೋರ್ಟಿನ ಆದೇಶದ ಮೇಲೆ ಇಲ್ಲಿನ ಶಾಲೆಗಳಲ್ಲಿ ಬಿಳಿಯ ಮಕ್ಕಳು, ಕಪ್ಪು ಮಕ್ಕಳು ಒಟ್ಟಿಗೆ ಕೂರುವಂತಾಯಿತು. ಆಮೇಲೆ ಬಿಳಿಯರು ಒಂದೊಂದೇ ಮನೆ ಮಾರಿಕೊಂಡು ಸುತ್ತಲಿನ ಊರುಗಳಿಗೆ ಹೊರಟರು. 1980ರಲ್ಲಿ 2 ಲಕ್ಷ ದಾಟಿದ್ದ ಜನಸಂಖ್ಯೆ 2020ರ ಹೊತ್ತಿಗೆ ಒಂದೂವರೆ ಲಕ್ಷದ ಹತ್ತಿರ ಬಂದು ನಿಂತಿತು. ಈಗ ಇರುವವರಲ್ಲಿ ಐದರಲ್ಲಿ ನಾಲ್ವರು ಕಪ್ಪು ಜನ. ತೆರಿಗೆ ಕಟ್ಟುವ ಕೈಗಳು ಕಮ್ಮಿ ಆದವು. ನೆಲದಡಿಯ ಪೈಪು ಮಾತ್ರ ಮೊದಲಿದ್ದಷ್ಟೇ ಉದ್ದ ಉಳಿಯಿತು. 1997ರಲ್ಲಿ ಹಾರ್ವಿ ಜಾನ್ಸನ್ ಊರಿನ ಮೊದಲ ಕಪ್ಪು ಮೇಯರ್ ಆದಾಗ ಅವರ ಕೈಗೆ ಸಿಕ್ಕಿದ್ದು ಆ ಹಳೇ ಪೈಪು ಮತ್ತು ಬರಿದಾಗುತ್ತಿದ್ದ ಬೊಕ್ಕಸ. ರಾಜ್ಯ ಸರ್ಕಾರ ಕೂತಿರುವುದು ಇದೇ ಊರಿನಲ್ಲಿ. ಊರಿಗೆ ದುಡ್ಡು ಕೇಳಿದಾಗ ಮಾತ್ರ ಅದಕ್ಕೆ ಈ ಊರು ದೂರ.

ಇದೆಲ್ಲ ನಿಜ. ಇದನ್ನು ನಾನು ಎಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ. ಆದರೆ ಇಷ್ಟು ಹೇಳಿ ಸುಮ್ಮನಾದರೆ ನನ್ನ ಪಕ್ಕದ ಮನೆಯ ಅಜ್ಜಿಗೆ ಮೋಸ ಮಾಡಿದ ಹಾಗಾಗುತ್ತದೆ.

ಅವರನ್ನು ನಾನು ಅಜ್ಜಿ ಅಂತಲೇ ಕರೆಯೋದು. ಆ ಶಬ್ದದ ಅರ್ಥ ಹೇಳಿದಾಗ ನಕ್ಕು, ಹಾಗೇ ಕರಿ ಅಂದರು. ಶಾಲೆಯ ಬಸ್ಸು ಓಡಿಸಿ ನಿವೃತ್ತಿ ಆದವರು. ಮೊಣಕಾಲು ನೋವು, ಕಾರು ಓಡಿಸುವುದು ಬಿಟ್ಟಿದ್ದಾರೆ. 2022ರ ಜುಲೈ ಕೊನೆಗೆ ನೀರು ಕುದಿಸಿ ಕುಡಿಯಿರಿ ಅಂತ ಆದೇಶ ಬಂತು. ಅಷ್ಟರಲ್ಲಿ ಪರ್ಲ್ ನದಿಗೆ ನೆರೆ. ಆಗಸ್ಟ್ ಕೊನೆಗೆ ಊರಿಗೆ ನೀರು ಶುದ್ಧ ಮಾಡಿ ಕೊಡುವ ಓ.ಬಿ. ಕರ್ಟಿಸ್ ಘಟಕ ಕೈಕೊಟ್ಟಿತು. ಆ ಘಟಕ ಇರುವುದು ಊರಿನ ಆಚೆ ತುದಿಗೆ, ನಾವಿರುವುದು ಈಚೆ ತುದಿಗೆ. ನಮ್ಮ ಕಡೆ ನೆಲವೂ ಎತ್ತರ. ಹಾಗಾಗಿ ನೀರು ಮೊದಲು ನಿಲ್ಲುವುದು ನಮ್ಮಲ್ಲಿ, ಕೊನೆಗೆ ಬರುವುದೂ ನಮ್ಮಲ್ಲಿ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಆಮೇಲೆ ಚಹಾದ ಬಣ್ಣದ ನೀರು ಒಂದು ಲೋಟದಷ್ಟು. ಅಜ್ಜಿ ಅದನ್ನು ಚೆಲ್ಲಲಿಲ್ಲ. ಬಕೆಟ್ಟಿಗೆ ಹಿಡಿದಿಟ್ಟು, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಮಗ್ಗಿನಲ್ಲಿ ತೆಗೆದು ಕಕ್ಕಸಿಗೆ ಹಾಕುತ್ತಿದ್ದರು.

ಒಂದು ದಿನ ಹತ್ತಿರದ ಕಡೆ ಬಾಟಲಿ ನೀರು ಮುಗಿದುಹೋಗಿತ್ತು. ಅವರನ್ನು ಕೂರಿಸಿಕೊಂಡು ಸ್ಟೇಟ್ ಫೇರ್‌ಗ್ರೌಂಡ್ಸ್‌ಗೆ ಹೋದೆ. ಕಾರುಗಳ ಸಾಲು ರಸ್ತೆ ತಿರುವಿನಾಚೆಗೂ ಇತ್ತು. ಸೈನಿಕರು ಡಿಕ್ಕಿಗೆ ನೀರಿನ ಪೆಟ್ಟಿಗೆ ಇಡುತ್ತಿದ್ದರು. ಅಜ್ಜಿ ಕಿಟಕಿಯಾಚೆ ನೋಡುತ್ತಾ, "ನನ್ನನ್ನು ಇಲ್ಲೇ ಕೂಡಿಹಾಕಿದ್ದರು" ಅಂದರು. 1963ರ ಮೇ ತಿಂಗಳ ಕೊನೆಗೆ ವರ್ಣಭೇದದ ವಿರುದ್ಧ ಶಾಲೆ ಮಕ್ಕಳು ಮೆರವಣಿಗೆ ಹೊರಟಾಗ ನೂರಾರು ಮಕ್ಕಳನ್ನು ಹಿಡಿದು, ದನ ಕಟ್ಟುವ ಜಾಗದಲ್ಲಿ ತುಂಬಿದ್ದು ಈ ಮೈದಾನದಲ್ಲೇ. ಆಗ ಅವರಿಗೆ 14 ವರ್ಷ. ಸುಮಾರು 60 ವರ್ಷ ಆದ ಮೇಲೆ ಅದೇ ಜಾಗಕ್ಕೆ ನೀರಿಗಾಗಿ ಬಂದು ಸಾಲಿನಲ್ಲಿ ಕೂತಿದ್ದರು. ಅವರೇನೂ ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ.

ಸರ್, ನೀವು ಲೆಕ್ಕ ಹೇಳಬೇಕಾದ್ದು ಆ ಸಾಲಿನಲ್ಲಿ ಕೂತಿದ್ದವರಿಗೆ. ರಾಜ್ಯಪಾಲರಿಗೆ ಆಮೇಲೆ. ಪತ್ರಿಕೆಯವರಿಗೆ, ವಾಷಿಂಗ್ಟನ್‌ನಿಂದ ಬರುವವರಿಗೆ ಇನ್ನೂ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಲ್ಲಿ ಒಂದು ಮೌನ ಇದೆ. ಕಪ್ಪು ನಾಯಕರನ್ನು ಪ್ರಶ್ನೆ ಮಾಡಿದರೆ ಊರನ್ನು ಕಿತ್ತುಕೊಳ್ಳಲು ಕಾದಿರುವವರ ಕೈಗೆ ಕೋಲು ಕೊಟ್ಟಂತೆ ಅನ್ನುವ ಭಯ. ಆ ಭಯ ಸುಳ್ಳಲ್ಲ. 2023ರಲ್ಲಿ ರಾಜ್ಯದ ಶಾಸನಸಭೆ ಜಾಕ್ಸನ್‌ನ ಒಂದು ಭಾಗಕ್ಕೇ ಬೇರೆ ಕೋರ್ಟು ಮಾಡಲು ಕಾನೂನು ತಂದಿತು. ಅಲ್ಲಿನ ನ್ಯಾಯಾಧೀಶರನ್ನು ಊರಿನವರು ಆರಿಸುವ ಹಾಗಿಲ್ಲ. ನೀರಿನ ವ್ಯವಸ್ಥೆ ಕೂಡ 2022ರ ಕೊನೆಯಿಂದ ಫೆಡರಲ್ ಕೋರ್ಟು ನೇಮಿಸಿದ ಒಬ್ಬ ಅಧಿಕಾರಿಯ ಕೈಗೆ ಹೋಗಿದೆ. ಅವರಿಗೆ ನಾವ್ಯಾರೂ ಓಟು ಹಾಕಿಲ್ಲ. ಹೀಗೆ ಒಂದೊಂದೇ ಕೈತಪ್ಪುವುದನ್ನು ನೋಡಿದವರು, "ನಮ್ಮವರ ತಪ್ಪು ನಮ್ಮೊಳಗೇ ಇರಲಿ" ಅಂದರೆ ಆಶ್ಚರ್ಯ ಏನಿದೆ? ನಮ್ಮ ಧಾರವಾಡದ ಕಡೆಯೂ ಇದೇ ಕತೆ. ನಮ್ಮ ಜಾತಿಯವನು, ನಮ್ಮ ಓಣಿಯವನು ಅಂತ ಗೆಲ್ಲಿಸುತ್ತೇವೆ. ಆಮೇಲೆ ವಾರಕ್ಕೊಮ್ಮೆ ನಲ್ಲಿ ನೀರು ಬಂದರೂ ಅವನನ್ನು ಕೇಳಲು ಸಂಕೋಚ.

ಆದರೆ 2023ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಕಸ ಎತ್ತುವ ಗುತ್ತಿಗೆ ಯಾರಿಗೆ ಅಂತ ಆಗಿನ ಮೇಯರ್‌ಗೂ ಕೌನ್ಸಿಲ್‌ಗೂ ಜಗಳ. ಎರಡು ವಾರಕ್ಕೂ ಜಾಸ್ತಿ ದಿನ ಊರಿನಲ್ಲಿ ಕಸ ಎತ್ತಲಿಲ್ಲ. ನಮ್ಮ ಬೀದಿಯಲ್ಲಿ ಕರಿ ಚೀಲಗಳನ್ನು ನಾಯಿ ಹರಿದು ಹಾಕಿದ್ದವು. ಬಿಸಿಲಿಗೆ ಹುಳ ಬಿದ್ದಿತ್ತು. ಅಜ್ಜಿ ಕೋಲೂರಿಕೊಂಡು ಬಂದು ತಮ್ಮ ಚೀಲದ ಮೇಲೆ ಹಳೇ ಚಾದರ ಮುಚ್ಚಿ, ಅದರ ಮೇಲೆ ಇಟ್ಟಿಗೆ ಹೇರಿದ್ದರು. ಆ ಜಗಳದಲ್ಲಿ ರಾಜ್ಯದ ಶಾಸನಸಭೆಯ ಕೈ ಇರಲಿಲ್ಲ. 1970ರಲ್ಲಿ ಊರು ಬಿಟ್ಟು ಹೋದವರ ಕೈಯೂ ಇರಲಿಲ್ಲ. ಅದು ನಗರಸಭೆಯೊಳಗಿನ ಹಟ. ಎರಡೂ ಕಡೆಯವರನ್ನು ಗೆಲ್ಲಿಸಿದ್ದು ಇದೇ ಜನ. ಆ ಎರಡು ವಾರಕ್ಕೆ ಜನರ ಮುಂದೆ ನಿಂತು "ತಪ್ಪಾಯ್ತು" ಅಂದವರನ್ನು ನಾನಂತೂ ನೋಡಲಿಲ್ಲ.

2024ರ ನವೆಂಬರ್‌ನಲ್ಲಿ ನಿಮ್ಮ ಹಿಂದಿನ ಮೇಯರ್ ಚೋಕ್ವೆ ಅಂಟಾರ್ ಲುಮುಂಬಾ ಅವರ ಮೇಲೆ ಲಂಚದ ಕೇಸು ಬಿತ್ತು. ತಪ್ಪು ಮಾಡಿಲ್ಲ ಅಂತ ಅವರು ಹೇಳಿದರು. ಸರಿಯೋ ತಪ್ಪೋ ಹೇಳಬೇಕಾದ್ದು ಕೋರ್ಟು, ನಾನಲ್ಲ. ಆ ಸಂಜೆ ಅಜ್ಜಿಯ ಮನೆಯಲ್ಲಿದ್ದೆ. ಲುಮುಂಬಾ ಅವರ ತಂದೆಯೂ ಹಿಂದೆ ಇಲ್ಲಿ ಮೇಯರ್ ಆಗಿದ್ದವರು. ಅಜ್ಜಿ ತಂದೆಗೂ ಓಟು ಹಾಕಿದ್ದವರು, ಮಗನಿಗೂ ಹಾಕಿದ್ದವರು. ಸುದ್ದಿ ಬರುತ್ತಿದ್ದಂತೆ ಟಿವಿ ಆರಿಸಿಬಿಟ್ಟರು. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಇನ್ನು ನಾಳೆ ಚರ್ಚಿನಲ್ಲಿ ಎಲ್ಲರೂ ಅವನ ಪರ ಇಲ್ಲಾ ವಿರೋಧ ಮಾತಾಡ್ತಾರೆ. ನಮ್ಮ ಪೈಪಿನ ಮಾತು ಯಾರೂ ಎತ್ತಲ್ಲ" ಅಂದರು.

2025ರ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಮೇಯರ್ ಅಭ್ಯರ್ಥಿಯನ್ನು ಆರಿಸುವ ಎರಡನೇ ಸುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಓಟು ನಿಮಗೆ ಬಂತು. ನನ್ನದೂ ಅದರಲ್ಲಿತ್ತು. ಅದು ನಿಮ್ಮ ಮೇಲಿನ ಪ್ರೀತಿಯಷ್ಟೇ ಅಂತ ದಯವಿಟ್ಟು ತಿಳಿಯಬೇಡಿ. ಬೇಸತ್ತವರ ಓಟು ಅದರಲ್ಲಿ ಜಾಸ್ತಿ. 1993ರಿಂದ, ಅಂದರೆ 30 ವರ್ಷಕ್ಕೂ ಮೇಲೆ ನೀವು ರಾಜ್ಯದ ಸೆನೆಟ್‌ನಲ್ಲಿ ಕೂತಿದ್ದವರು. ಬಹಳ ವರ್ಷದಿಂದ ಅಲ್ಲಿ ನಿಮ್ಮ ಪಕ್ಷಕ್ಕೆ ಬಹುಮತ ಇಲ್ಲ, ಒಪ್ಪುತ್ತೇನೆ. ಆದರೂ ಜಾಕ್ಸನ್‌ನ ಬೇಡಿಕೆ ಯಾವ ಬಾಗಿಲ ಹತ್ತಿರ ನಿಂತುಹೋಗುತ್ತಿತ್ತು, ಯಾರು ತಡೆಯುತ್ತಿದ್ದರು, ನೀವು ಎಲ್ಲಿ ರಾಜಿ ಆಗಬೇಕಾಯಿತು, ಇದು ನಿಮಗೆ ಗೊತ್ತಿರುವಷ್ಟು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ನಮ್ಮ ಮುಂದೆ ಬಿಚ್ಚಿ ಹೇಳಿ. ನಿಮಗೆ ಮುಜುಗರ ಆಗುವ ಭಾಗವನ್ನೂ ಹೇಳಿ.

ದುಡ್ಡಿನ ಲೆಕ್ಕವೂ ಬೇಕು. 2014ರ ಜನವರಿಯಲ್ಲಿ ಈ ಊರಿನವರು ತಾವಾಗಿಯೇ ತಮ್ಮ ಮೇಲೆ ಒಂದು ತೆರಿಗೆ ಹಾಕಿಕೊಂಡರು. ಅಂಗಡಿಯಲ್ಲಿ ಕೊಳ್ಳುವ ಹಲವು ಸಾಮಾನಿಗೆ ಡಾಲರ್‌ಗೆ ಒಂದು ಸೆಂಟ್, ರಸ್ತೆ ಮತ್ತು ಪೈಪು ಸರಿಮಾಡಲು. ಓಟು ಹಾಕಿದವರಲ್ಲಿ 100ಕ್ಕೆ ಸುಮಾರು 90 ಜನ ಬೇಕು ಅಂದರು. ನನಗೆ ಇದು ಈಗಲೂ ದೊಡ್ಡ ವಿಷಯ. ಬಡವರು ಜಾಸ್ತಿ ಇರುವ ಊರು, ಇನ್ನೂ ತೆರಿಗೆ ಹಾಕಿ ಅಂತ ಸಾಲು ನಿಂತು ಹೇಳಿತು. ಅಜ್ಜಿಯೂ ಹೇಳಿದರು. ಆ ಹಣ ಎಲ್ಲಿ ಖರ್ಚಾಗಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ನಗರದ ಮಾತೇ ಕೊನೆಯ ಮಾತಾಗದಂತೆ ರಾಜ್ಯ ನೋಡಿಕೊಂಡಿತು, ಅದೂ ಗೊತ್ತು. ಹಾಗಂತ ಲೆಕ್ಕ ಕೇಳುವುದು ತಪ್ಪಾಗುತ್ತದೆಯೇ? ನಮ್ಮ ಬೀದಿಗೆ ಎಷ್ಟು ಬಂತು? ಬರದಿದ್ದರೆ ಯಾಕೆ ಬರಲಿಲ್ಲ? ಬೀದಿ ಬೀದಿಯ ಹೆಸರು ಹಾಕಿ, ದೊಡ್ಡ ಅಕ್ಷರದಲ್ಲಿ, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ. ವೆಬ್‌ಸೈಟಿನಲ್ಲಿದೆ ಅಂದರೆ ಸಾಲದು. ಅಜ್ಜಿಗೆ ಕಂಪ್ಯೂಟರ್ ಬರುವುದಿಲ್ಲ. ಚರ್ಚಿನ ಬಾಗಿಲಿನಲ್ಲಿ, ಲಾಂಡ್ರಿಯಲ್ಲಿ, ಕ್ಷೌರದಂಗಡಿಯಲ್ಲಿ ಅಂಟಿಸಿ. ಓದುವವರು ಓದುತ್ತಾರೆ, ಆಮೇಲೆ ಪ್ರಶ್ನೆ ಹಿಡಿದುಕೊಂಡು ನಿಮ್ಮ ಹತ್ತಿರ ಬರುತ್ತಾರೆ.

ಪ್ರಶ್ನೆ ಕೇಳಲು ಒಂದು ಜಾಗವೂ ಬೇಕಲ್ಲ. ನಗರದಲ್ಲಿ 7 ವಾರ್ಡ್ ಇವೆ. ತಿಂಗಳಿಗೆ ಒಂದರಂತೆ ಹೋದರೂ ವರ್ಷ ಮುಗಿಯುವುದರೊಳಗೆ ಎಲ್ಲ ಕಡೆ ಒಂದು ಸುತ್ತು ಆಗುತ್ತದೆ. ವೇದಿಕೆ ಬೇಡ, ಹಾರ ಬೇಡ, ನಿಮ್ಮ ಪರವಾಗಿ ಮಾತಾಡುವ ಅಧಿಕಾರಿಯೂ ಬೇಡ. ಒಂದು ಮಡಚುವ ಕುರ್ಚಿ ಸಾಕು. ಕಳೆದ ಸಲ ಏನು ಮಾಡುತ್ತೇನೆ ಅಂದಿದ್ದಿರೋ ಅದನ್ನು ಮೊದಲು ಓದಿ, ಆಗಿದೆಯೋ ಇಲ್ಲವೋ ಹೇಳಿ, ಆಮೇಲೆ ಹೊಸ ಮಾತು ಶುರು ಮಾಡಿ. ನೀರಿನ ವ್ಯವಸ್ಥೆ ಮುಂದೆ ಯಾರ ಕೈಗೆ ಹೋಗಬೇಕು ಅನ್ನುವ ಮಾತುಕತೆಯಲ್ಲೂ ಹೀಗೇ ಆಗಲಿ. ಬಾಗಿಲು ಮುಚ್ಚಿ ನಡೆದ ಸಭೆಯಲ್ಲಿ ನೀವು ಏನು ಒಪ್ಪಿಕೊಂಡಿರಿ ಅನ್ನುವುದು ನಮಗೆ ಪತ್ರಿಕೆ ಓದಿ ಗೊತ್ತಾಗುವಂತೆ ಆಗಬಾರದು.

ಹೋದ ಜೂನ್‌ನಲ್ಲಿ ಮಗಳನ್ನು ಕರೆದುಕೊಂಡು, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮೆಡ್ಗರ್ ಎವರ್ಸ್ ಅವರ ಮನೆ ನೋಡಲು ಹೋಗಿದ್ದೆ. ಆ ಮನೆಗೆ ಬೀದಿ ಕಡೆ ಬಾಗಿಲೇ ಇಲ್ಲ. ಕೊಲ್ಲಲು ಬರುವವರ ಭಯಕ್ಕೆ, ಕಾರು ನಿಲ್ಲಿಸುವ ಜಾಗದ ಪಕ್ಕದಿಂದ ಒಳಗೆ ಹೋಗುವ ಹಾಗೆ ಕಟ್ಟಿದ್ದಾರೆ. 1963ರ ಜೂನ್ 12ರ ನಡುರಾತ್ರಿ ಸಭೆ ಮುಗಿಸಿ ಬಂದು ಕಾರಿನಿಂದ ಇಳಿದಾಗ ಅವರಿಗೆ ಗುಂಡು ಬಿದ್ದಿದ್ದು ಅಲ್ಲೇ. ಅವರನ್ನು ಯಾರೂ ಓಟು ಹಾಕಿ ಗೆಲ್ಲಿಸಿರಲಿಲ್ಲ. ಆದರೂ ಆ ಹೋರಾಟದ ಸಂಸ್ಥೆ ಎನ್‌ಎಎಸಿಪಿಯ ಕೆಲಸ ಹೊತ್ತು ಮಿಸಿಸಿಪಿಯ ಹಳ್ಳಿ ಹಳ್ಳಿ ಸುತ್ತಿ, ಜನರ ಅಡುಗೆಮನೆಯಲ್ಲಿ ಕೂತು ಏನಾಯ್ತು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಮಗಳು ಆ ಗೋಡೆ ಮುಟ್ಟಿ, "ಬಾಗಿಲು ಎಲ್ಲಿ?" ಅಂದಳು. ಸರ್, ನಿಮ್ಮ ಸಿಟಿ ಹಾಲ್‌ಗೆ ಎದುರು ಬಾಗಿಲಿದೆ. ಗುಲಾಮರ ಕೈಯಿಂದ 1840ರ ದಶಕದಲ್ಲಿ ಕಟ್ಟಿಸಿದ ಕಟ್ಟಡ ಅದು. ಅಲ್ಲಿ ಈಗ ನೀವು ಕೂತಿದ್ದೀರಿ. ಅದನ್ನು ನೋಡಿ ನನಗೆ ನಿಜವಾಗಿ ಸಂತೋಷ ಆಗುತ್ತದೆ.

ಅಜ್ಜಿಗೆ ಈಗ 70 ದಾಟಿ ಎಷ್ಟೋ ವರ್ಷ. ನಲ್ಲಿಯಲ್ಲಿ ನೀರು ಬರುತ್ತಿದೆ, ಮೊದಲಿಗಿಂತ ಚೆನ್ನಾಗಿಯೇ ಬರುತ್ತಿದೆ. ಆದರೂ ಅವರ ಬಚ್ಚಲಲ್ಲಿ ನಾಲ್ಕು ಬಕೆಟ್ ತುಂಬಿಟ್ಟೇ ಇರುತ್ತವೆ. ಭಾನುವಾರ ಬೆಳಿಗ್ಗೆ ಚೆಲ್ಲಿ, ತೊಳೆದು, ಮತ್ತೆ ತುಂಬುತ್ತಾರೆ. ಇನ್ನು ಯಾಕೆ ಅಂತ ನಾನು ಕೇಳುವುದನ್ನು ಬಿಟ್ಟಿದ್ದೇನೆ. ನಿಮ್ಮ ಮೊದಲ ಸಭೆ ನಮ್ಮ ಕಡೆಯೇ ಆಗಲಿ. ಅವರನ್ನು ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಅವರ ಹತ್ತಿರ ಪ್ರಶ್ನೆಗಳಿವೆ, ಹಳೇ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಇಂತಿ ನಿಮ್ಮ ಊರಿನ,
ದಕ್ಷಿಣ ಜಾಕ್ಸನ್‌ನ ಒಬ್ಬ ಮತದಾರಳು