ಎಳೆ ಜೋಳದ ವಿಷವನ್ನು ಕಿತ್ತೊಗೆಯುವ ಮುನ್ನ

ಮಾನ್ಯ ಸಂಪಾದಕರೇ,

ಕೂಳೆ ಜೋಳ (ಕೊಯ್ದ ಬುಡದಿಂದ ಮತ್ತೆ ಚಿಗುರಿದ ಜೋಳ) ಮೇಯ್ದು ಎತ್ತುಗಳು ಸತ್ತ ಸುದ್ದಿ ಓದಿ, ‘ವಿಷವೇ ಇಲ್ಲದ ಜೋಳದ ತಳಿ ತಂದು ಮಾಲದಂಡಿಯಂಥ ಹಳೆಯ ತಳಿಗಳನ್ನು ಕೈಬಿಡಬೇಕು’ ಎಂದು ಓದುಗರೊಬ್ಬರು ಬರೆದಿದ್ದಾರೆ. ಇಂಡಿ, ಸಿಂದಗಿ ಭಾಗದಲ್ಲಿ ಪಶುವೈದ್ಯನಾಗಿ ದುಡಿದ ನನಗೆ ಅವರ ಸಂಕಟ ಚೆನ್ನಾಗಿ ಗೊತ್ತು. ಎಳೆ ಜೋಳದಿಂದ ಸಯನೈಡ್ ವಿಷವೇರಿದ ದನಕ್ಕೆ ಬಾಯಲ್ಲಿ ನೊರೆ, ಏದುಸಿರು, ಕಾಲುಗಳಲ್ಲಿ ನಡುಕ. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಪೊರೆ ಕಡುಗೆಂಪು. ರಕ್ತದಲ್ಲಿ ಆಮ್ಲಜನಕವಿದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿ ಜೀವಕೋಶಗಳಿಗೆ ಇರುವುದಿಲ್ಲ. ಇದಕ್ಕೆ ಮದ್ದಾದ ಸೋಡಿಯಂ ನೈಟ್ರೈಟ್ ಮತ್ತು ಹೈಪೊವನ್ನು (ಸೋಡಿಯಂ ಥಯೋಸಲ್ಫೇಟ್) ರಕ್ತನಾಳಕ್ಕೆ ಕೊಟ್ಟೊಡನೆ ಎದ್ದು ನಿಂತ ದನಗಳನ್ನು ಕಂಡಿದ್ದೇನೆ. ನಾನು ತಲುಪುವ ಮೊದಲೇ ಪ್ರಾಣ ಬಿಟ್ಟವೂ ಇವೆ. ಆದರೂ ಅವರ ಸಲಹೆಯನ್ನು ನಾನು ಒಪ್ಪಲಾರೆ.

ಈ ವಿಷದ ಮೂಲ, ಜೋಳದ ಗಿಡವೇ ತಯಾರಿಸುವ ಧುರಿನ್ ಎಂಬ ವಸ್ತು. ಅದು ಎಲೆಯಲ್ಲಿ ಒಂದೆಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದೆಡೆ ಇರುತ್ತದೆ. ಹುಳುವೋ ಹೋರಿಯೋ ಅಗಿದಾಗ ಎರಡೂ ಬೆರೆತು ಸಯನೈಡ್ ಹೊರಬೀಳುತ್ತದೆ. ಎಳೆ ಎಲೆಯನ್ನು ಜಜ್ಜಿ ಗಾಜಿನ ನಳಿಕೆಗೆ ಹಾಕಿ, ಒಂದೆರಡು ಹನಿ ಕ್ಲೋರೋಫಾರ್ಮ್ ಬಿಟ್ಟು, ಪಿಕ್ರೇಟ್ ದ್ರಾವಣದಲ್ಲಿ ಅದ್ದಿದ ಹಳದಿ ಕಾಗದದ ಪಟ್ಟಿಯನ್ನು ಬಿರಡೆಗೆ ಸಿಕ್ಕಿಸಿ ಮುಚ್ಚಿ. ಎಲೆಗೆ ತಾಗದೆ ಮೇಲೆ ತೂಗುವ ಆ ಪಟ್ಟಿ ಕಣ್ಣೆದುರೇ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಮೊಳಕೆ, ಕೂಳೆಯ ಚಿಗುರು, ಬರಕ್ಕೆ ಕುಗ್ಗಿದ ಗಿಡ, ಯೂರಿಯಾ ಉಂಡ ಎಳೆ ಬೆಳೆ ಇವುಗಳಲ್ಲಿ ವಿಷ ಹೆಚ್ಚು. ರೊಟ್ಟಿಯ ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಯಾರೂ ಹೆದರಬೇಕಾಗಿಲ್ಲ.

ಧುರಿನ್ ತಯಾರಿಸುವ ಮೂರು ಮುಖ್ಯ ಜೀನ್‌ಗಳು ಜೋಳದ ಒಂದನೆಯ ವರ್ಣತಂತುವಿನಲ್ಲಿ ಒಂದೇ ಕೇರಿಯ ಮನೆಗಳಂತೆ ಹತ್ತಿರ ಹತ್ತಿರ ಇವೆ. ಇಂಥದೇ ಸಯನೈಡ್ ಕಾವಲು ಮರಗೆಣಸಿನಲ್ಲೂ ಇದೆ, ಅಲ್ಲಿಯೂ ಜೀನ್‌ಗಳು ಗುಂಪುಗೂಡಿವೆ. ಆದರೆ ಎರಡಕ್ಕೂ ಆ ವಿದ್ಯೆ ಬಂದದ್ದು ಬೇರೆ ಬೇರೆ ದಾರಿಯಲ್ಲಿ. ಜೋಳದ ಹತ್ತಿರದ ಬಂಧು ಮೆಕ್ಕೆಜೋಳದ ಕಥೆ ಮತ್ತೊಂದು. ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ತಯಾರಿಸುವ ಜೀನ್ ಅದರ ಪೂರ್ವಜ ಹುಲ್ಲಿನಲ್ಲಿ ಎಂದೋ ಇಮ್ಮಡಿಯಾಯಿತು. ಮೂಲ ಪ್ರತಿ ಹಳೆಯ ಕೆಲಸಕ್ಕೇ ಉಳಿಯಿತು. ಇನ್ನೊಂದು ಬದಲಾಗುತ್ತ ಹೋಗಿ ಇಂಡೋಲ್ ಎಂಬ ವಸ್ತುವನ್ನು ಬಿಡಿಯಾಗಿ ಕೊಡತೊಡಗಿತು. ಅದರಿಂದ ಮುಂದೆ ‘ಡಿಂಬೋವಾ’ ಎಂಬ ಕೀಟನಿರೋಧಕ ತಯಾರಾಗುವ ಬಗೆಯನ್ನು ವಿಜ್ಞಾನಿಗಳು 1997ರಲ್ಲಿ ಬಿಡಿಸಿ ತೋರಿಸಿದರು. ಗೋಧಿಯಲ್ಲೂ ಈ ರಕ್ಷಣೆ ಇದೆ. ನಾವು ಬೆಳೆಯುವ ಬಾರ್ಲಿ ಅದನ್ನು ಕಳೆದುಕೊಂಡಿದೆ, ಅದರ ಕಾಡು ಬಂಧುಗಳಲ್ಲಿ ಕೆಲವು ಇನ್ನೂ ಉಳಿಸಿಕೊಂಡಿವೆ. ಹುಲ್ಲಿನ ಕುಲ ಲಕ್ಷಾಂತರ ವರ್ಷಗಳಲ್ಲಿ ಗಳಿಸಿದ ಆಸ್ತಿ ಇದು. ನಮ್ಮ ಒಂದು ತಲೆಮಾರಿನ ಅವಸರಕ್ಕೆ ಇದನ್ನು ಕಳೆಯುವ ಹಕ್ಕು ನಮಗಿಲ್ಲ ಎಂಬುದು ನನ್ನ ದೃಢ ನಂಬಿಕೆ.

2018ರಲ್ಲಿ ಕರ್ನಾಟಕದ ಮೆಕ್ಕೆಜೋಳಕ್ಕೆ ಬಿದ್ದ ಫಾಲ್ ಸೈನಿಕ ಹುಳುವನ್ನು ರೈತರು ಮರೆತಿಲ್ಲ. ಎಲೆ ಅಗಿದಾಗ ಗಿಡದ ಕಿಣ್ವ ಸಕ್ಕರೆಯನ್ನು ಕಳಚಿ ಹೊರಬಿಟ್ಟ ಡಿಂಬೋವಾಕ್ಕೆ, ಆ ಕಿಣ್ವ ಮತ್ತೆ ಬಿಡಿಸಲಾಗದ ಹಾಗೆ ಸಕ್ಕರೆಯ ಅಣುವನ್ನು ಮರಳಿ ಅಂಟಿಸಿ ಅದನ್ನು ನಿರ್ವಿಷಗೊಳಿಸುವ ಉಪಾಯ ಆ ಹುಳುವಿಗೆ ಸಿದ್ಧಿಸಿದೆ. ಮೆಕ್ಕೆಜೋಳದ ಕಾವಲನ್ನೇ ಮೀರಿದ ಆ ಹುಳುವಿನೆದುರು ಜೋಳದ ಕಾವಲನ್ನು ತೆಗೆದರೆ ಏನಾದೀತು? ಧುರಿನ್ ಸ್ವಲ್ಪವೂ ಇಲ್ಲದ ಜೋಳ ಕನಸೇನಲ್ಲ. ಆಸ್ಟ್ರೇಲಿಯಾದ ವಿಜ್ಞಾನಿಗಳು ಅಂಥದನ್ನು ಪಡೆದು 2012ರಲ್ಲಿ ವರದಿ ಮಾಡಿದ್ದಾರೆ. ಎಳವೆಯಲ್ಲಿ ಅದರ ಬೆಳವಣಿಗೆ ತುಸು ನಿಧಾನ. ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ ಧುರಿನ್ ಇಲ್ಲದ ಜೋಳವನ್ನೇ ಇದೇ ಸೈನಿಕ ಹುಳು ಹೆಚ್ಚು ಇಷ್ಟಪಟ್ಟು ತಿಂದಿತು. ನಮ್ಮ ಡೋಣಿ ನದಿ ಸಾಲಿನ ಎರೆ ಭೂಮಿಯಲ್ಲಿ ಹಿಂಗಾರಿ ಜೋಳವನ್ನೇ ನಂಬಿದ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ.

ನೀರಾವರಿಯಲ್ಲಿ ಹಸಿಮೇವಿಗೆಂದೇ ಬೆಳೆಯುವವರಿಗೆ ವಿಷ ಕಡಿಮೆ ಇರುವ ತಳಿ ಸಿಗಲಿ, ನಾನೂ ಸ್ವಾಗತಿಸುತ್ತೇನೆ. ಕಾಳು ಮತ್ತು ಕಣಿಕೆಗಾಗಿ ಬಿತ್ತುವ ಒಣಬೇಸಾಯದ ಹೊಲದಲ್ಲಿ ಮಾಲದಂಡಿ ತನ್ನ ಕಾವಲಿನೊಂದಿಗೇ ಇರಲಿ. ಹೂ ಬಂದ ಮೇಲೆ ಕೊಯ್ದ ಮೇವು, ಚೆನ್ನಾಗಿ ಒಣಗಿದ ಕಣಿಕೆ ತಿಂದ ದನಕ್ಕೆ ಅಪಾಯ ಬಹಳ ಕಡಿಮೆ. ಸುಗ್ಗಿ ಮುಗಿದ ಹೊಲದಲ್ಲಿ ಅಡ್ಡಮಳೆಗೆ ಕೂಳೆ ಚಿಗುರಿದಾಗ ದನಗಳನ್ನು ಒಳಗೆ ಬಿಡಬಾರದು. ಈ ಎಚ್ಚರಿಕೆಯನ್ನು ಮೇವಿನ ಬೀಜದ ಪ್ರತಿ ಚೀಲದ ಮೇಲೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುದ್ರಿಸಬೇಕು. ಬೇಸಿಗೆ ಮಳೆ ಬೀಳುವ ಮುನ್ನವೇ ಹಳ್ಳಿಯ ಪಶು ಚಿಕಿತ್ಸಾಲಯಗಳಲ್ಲಿ ಹೈಪೊ ಮತ್ತು ಸೋಡಿಯಂ ನೈಟ್ರೈಟ್ ದಾಸ್ತಾನು ಇರುವಂತೆ ಪಶುಪಾಲನಾ ಇಲಾಖೆ ನೋಡಿಕೊಳ್ಳಲಿ.

– ನಿವೃತ್ತ ಪಶುವೈದ್ಯ, ಇಂಡಿ, ವಿಜಯಪುರ ಜಿಲ್ಲೆ