ಮೂರನೇ ಸಲ ಕರೆದರೆ ಮಾತ್ರ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿಯ ಕಟ್ಟು ಬಂದು ಹದಿನೈದು ದಿನವಾಯಿತು. ಒಂದಕ್ಕೊಂದು ಕೊಂಡಿ ಹಾಕಿದ ನಿನ್ನ ನಾಲ್ಕೂ ಪ್ರೇತದ ಕಿರುಕಾದಂಬರಿ ಓದಿದೆ. ಎರಡನೆಯದನ್ನು ಎರಡು ಸಲ ಓದಿದೆ. ಕಾಗದದ ತುಂಬ 'ಸರ್, ಸರ್' ಅಂತ ಬರೆದಿದ್ದೀಯ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಇಲ್ಲಿ ಎಲ್ಲರೂ ಮಾಷ್ಟ್ರೇ ಅನ್ನುತ್ತಾರೆ, ನೀನೂ ಹಾಗೇ ಕರೆ.

ಮೊದಲು ಖುಷಿ ಕೊಟ್ಟದ್ದು ಹೇಳುತ್ತೇನೆ. ಐಸ್ ಪ್ಲಾಂಟಿನ ರಾತ್ರಿ ಪಾಳಿಯವನು ಬೆಳಗ್ಗೆ ಲೆಕ್ಕ ಹಾಕುವಾಗ ಒಂದು ಗಡ್ಡೆ ಜಾಸ್ತಿ ಬರುತ್ತದಲ್ಲ, ಅದು ಚೆನ್ನಾಗಿದೆ. ಅವನು ಹೆದರುವುದಿಲ್ಲ, ಮತ್ತೆ ಎಣಿಸುತ್ತಾನೆ. ಅಷ್ಟೇ. ನನಗೆ ಅಲ್ಲಿ ಮೈ ಜುಮ್ಮೆಂದಿತು. ಅದರ ಮುಂದಿನ ಪುಟದಲ್ಲೇ ನೀನು ಬಂದರಿನ ತುಂಬ ಮಂಜು ಕವಿಸಿ, ಗುಡ್ಡದ ಮೇಲೆ ತೋಳ ಊಳಿಡಿಸಿದೆ. ಇದು ಎಲ್ಲಿಯ ಮಂಜು ಮಾರಾಯ? ಕುಂದಾಪುರ, ಗಂಗೊಳ್ಳಿ ಕಡೆಯ ಊರು ಅಂತ ನೀನೇ ಬರೆದಿದ್ದೀಯ. ಇಲ್ಲಿ ಜುಲೈ ತಿಂಗಳಲ್ಲಿ ಮಂಜು ಬೇಡ, ಮಳೆಯೇ ಸಾಕು. ಚಪ್ಪಲಿಗೆ ಬೂಸಲು ಬರುತ್ತದೆ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಬೆಂಕಿಪೆಟ್ಟಿಗೆಯ ಹತ್ತು ಕಡ್ಡಿ ಗೀರಿದರೆ ಒಂದು ಹತ್ತುತ್ತದೆ. ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೆ ಗಾಜಿನ ಒಳಗಿಂದ ತೇವ ಹತ್ತಿ, ಮುಖ ಒಂದು ಬದಿಯಿಂದ ಅಳಿಸುತ್ತಾ ಬರುತ್ತದೆ. ಇದನ್ನೆಲ್ಲ ಬಿಟ್ಟು ತೋಳ ಯಾಕೆ?

ಕಡಲಿನ ಲೆಕ್ಕವೂ ತಪ್ಪಿದೆ. ಮೊದಲ ಕಥೆಯಲ್ಲಿ ಐದು ರಾತ್ರಿಯೂ ಸರಿಯಾಗಿ ಹನ್ನೆರಡು ಗಂಟೆಗೆ ಭರತ ಬಂದು ಮನೆ ಮೆಟ್ಟಿಲು ಮುಟ್ಟುತ್ತದೆ. ಕಡಲು ಹಾಗೆ ಬರುವುದಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ಇವತ್ತು ಬಂದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಜಾಸ್ತಿ ಏರುತ್ತದೆ. ಇದನ್ನು ತಪ್ಪು ಹುಡುಕಲು ಹೇಳುತ್ತಿಲ್ಲ, ಇದರಲ್ಲಿ ನಿನಗೇ ಲಾಭ ಇದೆ. ಮೆಟ್ಟಿಲ ಹತ್ತಿರ ಬರುವುದು ದಿನಾ 50 ನಿಮಿಷ ತಡವಾಗಿ ಬಂದರೆ, ಒಂದು ರಾತ್ರಿ ಅದು ಮಕ್ಕಳು ಮಲಗಿದ ಹೊತ್ತಿಗೆ, ಇನ್ನೊಂದು ರಾತ್ರಿ ಹೆಂಗಸರು ಬಚ್ಚಲ ಒಲೆಗೆ ಬೆಂಕಿ ಹಾಕುವ ಹೊತ್ತಿಗೆ ಬರುತ್ತದೆ. ಮುಂದಿನ ಹುಣ್ಣಿಮೆಗೆ ಹೆಚ್ಚುಕಡಿಮೆ ಅದೇ ಹಳೇ ಗಂಟೆಗೆ ವಾಪಸ್. ಮನೆಯವರಿಗೆ ಅದು ಗೊತ್ತಿರುತ್ತದೆ. ಆವತ್ತು ಯಾರಿಗೆ ಯಾವ ಕೋಣೆ ಅಂತ ಹಗಲಲ್ಲೇ ಮಾತಾಡಿಕೊಂಡಿರುತ್ತಾರೆ.

ಕಾಲದ ಬಗ್ಗೆ ಇನ್ನೊಂದು ಮಾತು. ನಿನ್ನ ನಾಲ್ಕು ಕಥೆ ನಾಲ್ಕು ಬೇರೆ ಬೇರೆ ವರ್ಷದಲ್ಲಿವೆ. ನಾನಾಗಿದ್ದರೆ ನಾಲ್ಕನ್ನೂ ಒಂದೇ ಟ್ರಾಲಿಂಗ್ ರಜೆಯೊಳಗೆ ಹಾಕುತ್ತಿದ್ದೆ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಸದಾ ಡೀಸೆಲ್ ವಾಸನೆ, ಏಲಂ ಕೂಗುವ ಗದ್ದಲ ಇರುವ ದಕ್ಕೆ, ಅಂದರೆ ಬೋಟು ಕಟ್ಟುವ ಕಟ್ಟೆ, ಆ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿರುತ್ತದೆ. ಬೋಟುಗಳು ಟಾರ್ಪಾಲ್ ಹೊದ್ದು ಸಾಲಾಗಿ ನಿಂತಿರುತ್ತವೆ. ವರ್ಷವಿಡೀ ನೀರಿನ ಮೇಲಿದ್ದ ಗಂಡಸರು ಮನೆಯಲ್ಲಿ ಕೂತು ಬಲೆ ಹೆಣೆಯುತ್ತಾರೆ. ಹೆಂಡತಿಯ ಮುಖವನ್ನು ಹಗಲಲ್ಲಿ ನೋಡುತ್ತಾರೆ. ಎಷ್ಟೋ ವಿಷಯ ಆಗಲೇ ಹೊರಗೆ ಬರುವುದು. ನಿನ್ನ ಐಸ್ ಪ್ಲಾಂಟನ್ನೂ ಜುಲೈಗೆ ತಂದು ನೋಡು. ಮೆಶಿನ್ ನಿಲ್ಲಿಸಿ ತಿಂಗಳಾಗಿದೆ. ಕಾವಲಿನವನು ಸುಮ್ನೆ ಬಾಗಿಲು ತೆಗೆಯುತ್ತಾನೆ. ಒಳಗೆ ಒಂದು ಗಡ್ಡೆ, ಕರಗಿಲ್ಲ.

ಈಗ ನಾನು ಈ ಕಾಗದ ಬರೆಯಲು ಕೂತ ಮುಖ್ಯ ವಿಷಯ. ನಾಲ್ಕು ಕಥೆಗಳಿಗೂ ಒಂದೇ ಪ್ರೇತವನ್ನು ಕೊಟ್ಟು, ಅದೇ ಕೊಂಡಿ ಅಂದುಕೊಂಡಿದ್ದೀಯ. ಅದು ಕೊಂಡಿ ಅಲ್ಲ, ಹಗ್ಗ. ಎಳೆದು ಕಟ್ಟಿದ್ದು ಕಾಣುತ್ತದೆ. ಕೊಂಡಿ ಹೇಗಿರಬೇಕು ಅಂತ ಸಿದ್ಧಾಂತ ಹೇಳಲು ನನಗೆ ಬರುವುದಿಲ್ಲ, ನಡೆದದ್ದು ಹೇಳುತ್ತೇನೆ.

ನಾನು ಐದನೇ ಕ್ಲಾಸು. ಅಳಿವೆಯ ಹತ್ತಿರ ಅಮ್ಮಮ್ಮನ ಮನೆ. ಆಷಾಢದ ರಾತ್ರಿ, ಹಂಚಿನ ಮೇಲೆ ಒಂದೇ ಸಮ ಮಳೆ, ಒಳಗೆ ಚಿಮಣಿ ದೀಪ. ಅಂಗಳದಿಂದ ಯಾರೋ ಅಮ್ಮನ ಹೆಸರು ಹಿಡಿದು ಕರೆದರು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಮ್ಮಮ್ಮ ಬೆರಳೆತ್ತಿ ತಡೆದರು. ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ರಾತ್ರಿ ಹೊರಗಿಂದ ಕರೆದರೆ ಮೂರನೇ ಸಲಕ್ಕೆ ಓಗೊಡಬೇಕು. ಮನುಷ್ಯರಲ್ಲದ್ದು ಮೂರು ಸಲ ಕರೆಯುವುದಿಲ್ಲವಂತೆ. ಕಾದೆವು. ಎರಡನೇ ಸಲ ಕರೆಯಿತು, ಆಗ ದನಿ ಸ್ವಲ್ಪ ದೂರ ಹೋಗಿತ್ತು. ಮೂರನೆಯದು ಬರಲಿಲ್ಲ. ಬೆಳಗ್ಗೆ ಜಗಲಿಯ ಮೇಲೆ ಒದ್ದೆ ಕೆಸರಿನ ಎರಡು ಹೆಜ್ಜೆ ಇತ್ತು. ಅಮ್ಮಮ್ಮ ಮಾತಾಡದೆ ಸೆಗಣಿ ಹಾಕಿ ಸಾರಿಸಿದರು.

ಮುಂದೆ ಎಷ್ಟೋ ವರ್ಷ ಹಾಸ್ಟೆಲ್ಲಿನಲ್ಲಿ, ರೂಮಿನಲ್ಲಿ, ಗೆಳೆಯರಿಗೆಲ್ಲ ಇದನ್ನು ಪ್ರೇತದ ಕಥೆ ಅಂತಲೇ ಹೇಳಿದೆ. ಒಳ್ಳೆ ಕಥೆ, ಯಾವತ್ತೂ ಸೋತಿಲ್ಲ. ಅಮ್ಮ ತೀರಿಹೋಗುವ ಹಿಂದಿನ ವರ್ಷ ಒಂದು ಮಧ್ಯಾಹ್ನ ತಾವಾಗಿ ಬಾಯಿಬಿಟ್ಟರು. ಆವತ್ತು ಕರೆದದ್ದು ಮೂರು ಮನೆ ಆಚೆಯ ಹೆಂಗಸು. ಗಂಡನಿಗೆ ಎದೆನೋವು, ಆಚೆ ದಡಕ್ಕೆ ದೋಣಿ ಹಾಕಲು ಜನ ಬೇಕಿತ್ತು. ಎರಡು ಸಲ ಕರೆದು, ಇವರು ಏಳುವುದಿಲ್ಲ ಅಂತ ಮುಂದಿನ ಮನೆಗೆ ಓಡಿದಳು. ಬೆಳಗಾಗುವಾಗ ಅವನಿರಲಿಲ್ಲ. ಅವಳು ಆಮೇಲೂ ದಿನಾ ನಮ್ಮಲ್ಲಿಗೆ ಮಜ್ಜಿಗೆಗೆ ಬರುತ್ತಿದ್ದಳು. ಅವಳೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಅಮ್ಮ ಅವಳ ತಂಬಿಗೆಗೆ ಯಾವತ್ತೂ ಕಂಠದವರೆಗೆ ಹೊಯ್ಯುತ್ತಿದ್ದರು, ನಮಗೆ ಉಳಿಯಲಿ ಬಿಡಲಿ.

ಈಗ ಹೇಳು, ಇದರಲ್ಲಿ ಎಷ್ಟು ಕಿರುಕಾದಂಬರಿ ಇವೆ? ಒಳಗೆ ಕೂತವರದು ಒಂದು. ಹೊರಗೆ ನಿಂತವಳದು ಒಂದು. ಬಾಗಿಲು ತೆಗೆದ ಮುಂದಿನ ಮನೆಯವರದು ಒಂದು. ಮಜ್ಜಿಗೆಯ ವರ್ಷಗಳದ್ದು ಇನ್ನೊಂದು. ಮೊದಲನೆಯದರಲ್ಲಿ ಓದುವವನು ನಮ್ಮ ಜೊತೆ ಹೆದರಲಿ, ಬಾಗಿಲು ತೆಗೆಯಬೇಡಿ ಅಂತ ಬೇಡಿಕೊಳ್ಳಲಿ. ಮೂರನೆಯದಕ್ಕೆ ಬರುವಾಗ ಮಳೆಯಲ್ಲಿ ಒಬ್ಬ ಹೆಂಗಸು ಒಂದು ಅಂಗಳದಲ್ಲಿ ನಿಂತು ಎರಡು ಸಲ ಕರೆದು ತಿರುಗುತ್ತಾಳೆ. ಅದು ಯಾವ ಮನೆ ಅಂತ ನೀನು ಬರೆಯಬೇಡ. ಜಗಲಿ, ಚಿಮಣಿ ಬೆಳಕು ಕಂಡರೆ ಓದುವವನಿಗೇ ಗೊತ್ತಾಗುತ್ತದೆ, ಇನ್ನೊಂದು ಸಲ ಕರಿಯೇ ಅಂತ ಕೂಗಬೇಕು ಅನ್ನಿಸುತ್ತದೆ. ಒಂದು ಕಥೆಯಲ್ಲಿ ಜೀವ ಹೋದದ್ದು ಇನ್ನೊಂದು ಕಥೆಯಲ್ಲಿ ಬರೀ 'ಆ ವರ್ಷ ಅವರ ಮನೆಯಲ್ಲಿ ಸೂತಕ ಇತ್ತು' ಅನ್ನುವ ಅರ್ಧ ಸಾಲು. ಸಣ್ಣ ಊರು ಅಂದರೆ ಹೀಗೇ ಅಲ್ವಾ?

ಊರಿನ ನಕ್ಷೆಯೂ ನಿನಗೆ ಸಹಾಯ ಮಾಡುತ್ತದೆ. ಪಂಚಗಂಗಾವಳಿ ಹೊಳೆಯ ಈ ದಡದಲ್ಲಿ, ಕುಂದಾಪುರದ ಕಡೆ ನಿಂತರೆ ಗಂಗೊಳ್ಳಿಯ ದೀಪ ಕಣ್ಣೆದುರೇ ಕಾಣುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಹೆಮ್ಮಾಡಿ, ತ್ರಾಸಿ ಅಂತ ಸುತ್ತಿ ಬಳಸಿ ಹೋಗಬೇಕು. ಕಾಣುವಷ್ಟು ಹತ್ತಿರ, ಮುಟ್ಟಲಾರದಷ್ಟು ದೂರ. ಆಚೆ ದಡದ ಮನೆಯೊಂದರಲ್ಲಿ ದೀಪ ಹತ್ತಿತು, ಆರಿತು ಅಂತ ಎರಡನೇ ಕಥೆಯಲ್ಲಿ ಯಾರೋ ನೋಡಲಿ. ನಾಲ್ಕನೆಯದರಲ್ಲಿ ನಾವು ಆ ದೀಪದ ಕೆಳಗೇ ಕೂತಿರಲಿ.

ಭೂತದ ಕೋಲವನ್ನು ನೀನು ಹೆದರಿಸಲು ಬಳಸಿದ್ದೀಯ. ತೆಗೆದುಬಿಡು. ನಮ್ಮ ಕರಾವಳಿಯಲ್ಲಿ ಭೂತ ಅಂದರೆ ಘಟ್ಟದ ಮೇಲಿನವರು ಹೇಳುವ ದೆವ್ವ ಅಲ್ಲ, ದೈವ. ಕಡಲಿನ ದೈವ ಬೊಬ್ಬರ್ಯನಿಗೆ ಕೈ ಮುಗಿಯುವ ಮೀನುಗಾರ ಅವನು ಕಾಯುತ್ತಾನೆ ಅಂತ ಮುಗಿಯುತ್ತಾನೆ. ಸತ್ತವರ ಸುದ್ದಿ ಬೇಕಿದ್ದರೆ ತುಳುವಿನಲ್ಲಿ ಕುಲೆ ಅನ್ನುತ್ತಾರಲ್ಲ, ಸತ್ತವರ ಪ್ರೇತ, ಅದರ ಕಡೆ ನೋಡು. ಮದುವೆಯಾಗದೆ ಸತ್ತವರಿಗೆ ಪ್ರೇತ ಮದುವೆ ಮಾಡುವ ಪದ್ಧತಿ ನಿನಗೆ ಗೊತ್ತಿರಬೇಕು. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ಪ್ರೇತ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು, ಫೋನ್ ನಂಬರ್ ಸಮೇತ. ಓದಿ ನನಗೆ ಮೊದಲು ನಗು ಬಂತು, ಆಮೇಲೆ ಗಂಟಲು ಕಟ್ಟಿತು. ಆ ತಂದೆತಾಯಿ ಮಗಳ ವಯಸ್ಸನ್ನು ಇಷ್ಟು ವರ್ಷವೂ ಎಣಿಸುತ್ತಾ ಬಂದಿದ್ದಾರೆ. ನಿನ್ನ ಪುಟಗಳಲ್ಲಿ 'ಭೀಕರ', 'ಭಯಾನಕ' ಎಷ್ಟಿವೆ ಅಂತ ಪೆನ್ಸಿಲ್ ಹಿಡಿದು ಎಣಿಸಿದೆ. ಇಪ್ಪತ್ತಮೂರು. ಆ ತಂದೆತಾಯಿಯ ಜಾಹೀರಾತಿನ ಭಾಷೆಯಲ್ಲಿ ಬರೆ.

ಕಾಣೆಯಾದ ಬೋಟಿನ ಕಥೆ ಓದುವಾಗ ಮಾತ್ರ ನನಗೆ ಬೇಸರವಾಯಿತು, ಮುಚ್ಚಿಡುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಜನ ಹೋದ ಬೋಟು ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ್ ಕಡೆ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಿನ್ನ ಕಥೆಯಲ್ಲೂ ಏಳು ಜನ, ಅದೇ ಡಿಸೆಂಬರ್. ಆಮೇಲೆ ಅವರು ಕೊಳೆತ ಮೈಯಲ್ಲಿ ಬಂದು ಬಾಗಿಲು ಬಡಿಯುತ್ತಾರೆ. ಆ ಮನೆಗಳಲ್ಲಿ ಈಗಲೂ ಜನ ಇದ್ದಾರೆ ತಮ್ಮಾ. ಅವರ ಮಕ್ಕಳು ನಿನ್ನ ಪುಸ್ತಕ ಹಿಡಿದುಕೊಂಡು ಓದಬಹುದು. ಸಂಖ್ಯೆ, ತಿಂಗಳು ಬದಲಿಸಿದರೆ ಸಾಲದು, ಆ ಬಾಗಿಲು ಬಡಿಯುವುದನ್ನೇ ಬಿಡು. ಹೆಂಡತಿಗೆ ಬಳೆ ತೆಗೆಯಬೇಕೋ ಬೇಡವೋ ಗೊತ್ತಿಲ್ಲದ ತಿಂಗಳುಗಳಿವೆಯಲ್ಲ, ಅಲ್ಲಿ ಕೂತು ಬರೆ. ಬರೆಯಲು ಆಗದಿದ್ದರೆ ಮೂರೇ ಕಥೆ ಇರಲಿ, ಪುಸ್ತಕ ತೆಳ್ಳಗಾದರೆ ಏನೂ ಆಗುವುದಿಲ್ಲ.

ಕೊನೆಗೆ ಒಬ್ಬ ಪ್ರೊಫೆಸರು ಬಂದು ಎಲ್ಲ ಬಿಡಿಸಿ ಹೇಳುವ ಹದಿನಾಲ್ಕು ಪುಟ ಇದೆ. ಅದನ್ನು ನಾನು ಕಟ್ಟಿನಿಂದ ತೆಗೆದು ಬೇರೆ ಇಟ್ಟಿದ್ದೇನೆ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು.

ಹೇಗೂ ಜುಲೈಯಲ್ಲಿ ಒಂದು ವಾರ ರಜೆ ಹಾಕಿ ಬಾ. ದಕ್ಕೆಯಲ್ಲಿ ಬೋಟುಗಳು ನಿಂತಿರುವುದನ್ನು ಕತ್ತಲಾದ ಮೇಲೆ ಒಂದು ಸಲ ನೋಡಬೇಕು ನೀನು. ಒಳ್ಳೆ ಕೊಡೆ ತಾ, ಮಡಚುವ ಕೊಡೆ ಇಲ್ಲಿಯ ಗಾಳಿಗೆ ನಿಲ್ಲುವುದಿಲ್ಲ. ಸಂಜೆ ಬಸ್ಸಿಗೆ ಬಂದರೆ ತಲುಪುವಾಗ ರಾತ್ರಿಯಾಗಿರುತ್ತದೆ. ಗೇಟಿನ ಹತ್ತಿರ ನಿಂತು ಮೂರು ಸಲ ಕರೆ. ಕಥೆಯೆಲ್ಲ ಗೊತ್ತಾದ ಮೇಲೂ ಮೊದಲ ಎರಡಕ್ಕೆ ನನ್ನ ಬಾಯಿ ಏಳುವುದಿಲ್ಲ.

ನಿನ್ನ,
ಮಾಷ್ಟ್ರು