ಅತ್ತಿಯವರ ಬೆನ್ನಿಗೆ ಸಿಮೆಂಟ್ ಹಾಕಿಸುವ ಮುಂಚೆ

ವಿಜಯಪುರ

ಚಿ. ಸೌ. ಸವಿತಾಳಿಗೆ ಅವ್ವನ ಆಶೀರ್ವಾದಗಳು.

ಅತ್ತಿಯವರು ತುಂಬಿದ ಕೊಡ ಎತ್ತಿದಾಗ ಬೆನ್ನಾಗ ಚಟ್ ಅಂತು, ಎಕ್ಸ್‌ರೇಯಲ್ಲಿ ಡಿ12 ಅಂದರೆ ಬೆನ್ನುಹುರಿ ಕಾಯುವ ಎದೆಭಾಗದ ಮಣಿಗಳಲ್ಲಿ ಕಡೆಯದು ಕುಸಿದಿದೆ ಅಂತ ಬರೆದಿದ್ದೀ. ಎಲುಬು ಸವೆದವರಿಗೆ ಡಿ12, ಅದರ ಕೆಳಗಿನ ಎಲ್1 ಮಣಿಗಳೇ ಹೆಚ್ಚಾಗಿ ಕುಸಿಯುವುದು. ಸಿಮೆಂಟ್ ಹಾಕಿಸಲು, ಅಂದರೆ ಕುಸಿದ ಮಣಿಯೊಳಗೆ ಸೂಜಿಯಿಂದ ಎಲುಬಿನ ಸಿಮೆಂಟ್ ತುಂಬಿಸಲು, ನಾಳೆಯೇ ಜಮಖಂಡಿಯಿಂದ ಕರಕೊಂಡು ಬರಲೇ ಅಂತ ಕೇಳಿದ್ದೀ. ತಡಿ, ಮೊದಲು ಎಂಆರ್‌ಐ ಆಗಲಿ.

ಮಣಿ ಯಾವಾಗ ಕುಸಿಯಿತು ಅನ್ನುವುದು ಒಂದೇ ಎಕ್ಸ್‌ರೇಯಿಂದ ಸರಿಯಾಗಿ ತಿಳಿಯುವುದಿಲ್ಲ. ಎಂಆರ್‌ಐದಲ್ಲಿ ತೆಗೆಯುವ ಸ್ಟಿರ್ ಎಂಬ ಒಂದು ಬಗೆಯ ಚಿತ್ರದಲ್ಲಿ ಹಸಿ ಮುರಿತ ಬೆಳ್ಳಗೆ ಹೊಳೆಯುತ್ತದೆ, ಕೂಡಿಕೊಂಡ ಹಳೆಯದು ಹೊಳೆಯುವುದಿಲ್ಲ. ಹಳೆಯದಕ್ಕೆ ಸಿಮೆಂಟ್ ತುಂಬಿದರೆ ರೊಕ್ಕ ದಂಡ. ಕ್ಷಯವೋ, ಮೈಲೋಮಾ ಎಂಬ ಎಲುಬಿನ ಮಜ್ಜೆಯ ಕ್ಯಾನ್ಸರೋ ಇದ್ದರೂ ಮಣಿ ಹೀಗೇ ಕುಸಿಯಬಹುದು. ಕ್ಷಯದ ಕೀವಿರುವ ಕಡೆ ಸಿಮೆಂಟ್ ಹಾಕಲೇಬಾರದು. ಮೈಯಲ್ಲಿ ಉರಿಯೂತ ಇದೆಯೇ ಅಂತ ತೋರಿಸುವ ಇಎಸ್‌ಆರ್, ರಕ್ತದ ಪ್ರೋಟೀನ್ ಪರೀಕ್ಷೆ ಅದಕ್ಕೇ ಬೇಕು. ಅನುಮಾನ ಉಳಿದರೆ ಸಿಮೆಂಟ್ ತುಂಬುವ ಸೂಜಿಯಿಂದಲೇ ಎಲುಬಿನ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಸಿಮೆಂಟಿನಿಂದ ನೋವು ನಿಜಕ್ಕೂ ಹೋಗುತ್ತದೇನು ಅಂದರೆ, ವೈದ್ಯರಲ್ಲೇ ಒಮ್ಮತವಿಲ್ಲ. 2009ರಲ್ಲಿ ಬಂದ ಎರಡು ಅಧ್ಯಯನಗಳಲ್ಲಿ ಕೆಲವರಿಗೆ ಸಿಮೆಂಟ್ ಹಾಕಿ, ಉಳಿದವರಿಗೆ ಹಾಕಿದಂತೆ ಮಾಡಿ ನೋಡಿದರು. ಇಬ್ಬರ ನೋವೂ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. 2016ರಲ್ಲಿ ಆಸ್ಟ್ರೇಲಿಯಾದವರು ಆರು ವಾರದೊಳಗಿನ, ಬಹಳ ನೋವಿನ ಮುರಿತಗಳನ್ನಷ್ಟೇ ಆರಿಸಿಕೊಂಡು ಲಾಭ ಕಂಡರು. 2018ರ ಡಚ್ಚರ ಅಧ್ಯಯನದಲ್ಲಿ ಮತ್ತೆ ಅಂತರ ಕಾಣಲಿಲ್ಲ. ಬಹಳ ಮಂದಿಗೆ ಆರೆಂಟು ವಾರದಲ್ಲಿ ನೋವು ತಾನಾಗಿ ತಗ್ಗುತ್ತದೆ. ಹಾಗಾಗಿ ಎರಡು ಮೂರು ವಾರ ಮಾತ್ರೆ, ಪಟ್ಟಿ ಎರಡೂ ಸರಿಯಾಗಿ ನಡೆದಮೇಲೂ ಹೊರಳಲು, ಏಳಲು ಆಗದಿದ್ದರೆ, ಸ್ಟಿರ್‌ನಲ್ಲೂ ಮಣಿ ಬೆಳ್ಳಗಿದ್ದರೆ, ಆಗ ಮಾಡಿಸುವುದು ಸರಿ ಅಂತ ನನ್ನ ಅಭಿಪ್ರಾಯ. ಪಟ್ಟಿ ಅಂದರೆ ಔಷಧದಂಗಡಿಯ ಸೊಂಟದ ಬೆಲ್ಟ್ ಅಲ್ಲ, ಅದು ಡಿ12ರತನಕ ಹಿಡಿಯುವುದಿಲ್ಲ. ಹೆಗಲಿಗೆ ಪಟ್ಟಿ ಬರುವ ಟೇಲರ್ ಬ್ರೇಸ್ ಕೇಳು. ಯಾರೇ ಹೇಳಲಿ, ಬೆನ್ನು ತಿಕ್ಕಿಸಬೇಡ.

ಮಾಡುವ ರೀತಿ ಇಷ್ಟು. ಬೋರಲು ಮಲಗಿಸಿ, ಎದೆಗೂ ಟೊಂಕಕ್ಕೂ ದಿಂಬು ಕೊಟ್ಟು, ಚರ್ಮದಿಂದ ಎಲುಬಿನತನಕ ಮರಗಟ್ಟಿಸುತ್ತಾರೆ. ಸಿ-ಆರ್ಮ್ ಎಂಬ ತಿರುಗಿಸುವ ಎಕ್ಸ್‌ರೇಯಲ್ಲಿ ಮೇಲಿನಿಂದಲೂ ಮಗ್ಗುಲಿನಿಂದಲೂ ನೋಡುತ್ತ, ಮಣಿಯ ಹಿಂದಿನ ಪೆಡಿಕಲ್ ಎಂಬ ಕಿರಿದಾದ ಎಲುಬಿನೊಳಗಿಂದ 11 ಅಥವಾ 13 ಗೇಜಿನ ಸೂಜಿ ಇಳಿಸುತ್ತಾರೆ. ಸೂಜಿ ಪೆಡಿಕಲ್ಲಿನ ಒಳಗೋಡೆ ದಾಟಿದರೆ ನರಕ್ಕೇ ಪೆಟ್ಟು. ಪುಡಿಗೆ ದ್ರವ ಬೆರೆಸಿದ ಕೂಡಲೇ ಸಿಮೆಂಟ್ ತೆಳ್ಳಗಿರುತ್ತದೆ. ಆಗ ತಳ್ಳಿದರೆ ರಕ್ತನಾಳ ಹಿಡಿದು ಪುಪ್ಪುಸಕ್ಕೆ ಹೋಗಬಹುದು, ನರದ ಕಾಲುವೆಗೂ ಸೋರಬಹುದು. ಟೂತ್‌ಪೇಸ್ಟಿನಷ್ಟು ಗಟ್ಟಿಯಾಗುವತನಕ ಕಾಯಬೇಕು. ತೀರಾ ತಡವಾದರೆ ಸೂಜಿಯಲ್ಲೇ ಹೆಪ್ಪುಗಟ್ಟುತ್ತದೆ. ಅದರಲ್ಲಿ ಬೇರಿಯಂ ಇರುವುದರಿಂದ ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುತ್ತದೆ, ಮಣಿಯ ಹಿಂಗೋಡೆಯ ಕಡೆ ಬಂತೆಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಡಿ12ಕ್ಕೆ ಮೂರು ನಾಲ್ಕು ಎಂಎಲ್ ಸಾಕು, ಜಾಸ್ತಿ ತುಂಬಿದರೆ ಸೋರುವುದೂ ಜಾಸ್ತಿ. ಬಲೂನಿನ ಕೈಫೋಪ್ಲಾಸ್ಟಿಯಲ್ಲಿ ಮೊದಲು ಮಣಿಯೊಳಗೆ ಬಲೂನು ಉಬ್ಬಿಸಿ ಪೊಳ್ಳು ಮಾಡಿ ಆಮೇಲೆ ಸಿಮೆಂಟ್ ತುಂಬುತ್ತಾರೆ. ಸೋರುವುದು ಕಡಿಮೆ, ಖರ್ಚು ಬಹಳ, ನೋವು ಇಳಿಯುವುದರಲ್ಲಿ ದೊಡ್ಡ ಅಂತರವಿಲ್ಲ.

ಒಂದೆರಡು ತಾಸು ಅಂಗಾತ ಮಲಗಿಸಿ ಆಮೇಲೆ ನಡೆಸುತ್ತಾರೆ. ದಮ್ಮು ಹತ್ತಿದರೆ, ಎದೆ ನೋವು ಬಂದರೆ, ಕಾಲು ಸೋತರೆ ಆಗಲೇ ಹೇಳು. ಸಿಮೆಂಟ್ ಹಾಕಿಸಲಿ ಬಿಡಲಿ, ಕಾಲಿನ ಶಕ್ತಿ ಹೋಗುವುದು, ಮೂತ್ರ ಕಟ್ಟುವುದು ಕಂಡರೆ ಕಾಯಬೇಡ, ಅದು ಸಿಮೆಂಟಿನಿಂದ ಸರಿಹೋಗುವ ಕೇಸಲ್ಲ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸು, ನೀನಾಗಿ ನಿಲ್ಲಿಸಬೇಡ.

ಎಲುಬಿನ ಸವೆತಕ್ಕೆ ಔಷಧ ಶುರುವಾಗದಿದ್ದರೆ ಮುಂದೆ ಇನ್ನೊಂದು ಮಣಿ ಕುಸಿಯಬಹುದು. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದು ಗ್ಲಾಸು ನೀರಿನೊಂದಿಗೆ ನುಂಗಿ ಅರ್ಧ ತಾಸು ನೆಟ್ಟಗೆ ಕುಂದ್ರಬೇಕು. ಅದು ಅತ್ತಿಯವರಿಗೆ ಆಗದಿದ್ದರೆ ವರ್ಷಕ್ಕೊಮ್ಮೆ ಝೋಲೆಡ್ರಾನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್ ಕೊಡುತ್ತಾರೆ. ಅದಕ್ಕೂ ಮುಂಚೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಲೇಬೇಕು, ಹಲ್ಲು ಕೀಳಿಸುವುದಿದ್ದರೆ ಅದೂ ಮೊದಲು. 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ ಬರೆದುಕೊಟ್ಟರೆ ವಾರಕ್ಕೊಂದೇ. ದಿನಾ ಕೊಟ್ಟರೆ ವಿಷ. ಕೊಡ, ರೊಟ್ಟಿ ಬಡಿಯುವುದು ಸದ್ಯ ನಿನ್ನ ಪಾಲಿಗಿರಲಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಾಲು, ಮೊಸರು ಹೊಟ್ಟೆತುಂಬ ತಿನ್ನಿಸು.

ಬರುವಾಗ ಟಂಟಂ ಬೇಡ, ಮಲಗಿಸಿ ತರುವಂಥ ಗಾಡಿ ಮಾಡು. ಎಂಆರ್‌ಐ ವರದಿಯ ಜೊತೆ ಫಿಲ್ಮು, ಸಿಡಿ ಎರಡೂ ಇಸಕೊಂಡು ಬಾ.

ನಿನ್ನ ಅವ್ವ